ಅನ್ನದ ಒಲೆಯಲ್ಲಿ ಹಸಿರು ಬೆಂಕಿ

ನನ್ನ ಮದುವೆ ನಿಶ್ಚಯದ ದಿನ, ವೀಳ್ಯ ಬದಲಾಯಿಸಲು ಎಲ್ಲರೂ ಇನ್ನೇನು ಚಾಪೆಯ ಮೇಲೆ ಕೂರಬೇಕು ಎನ್ನುವಷ್ಟರಲ್ಲಿ, ಹೆಣ್ಣಿನ ಮನೆಯ ಅಂಗಳದಲ್ಲಿ ಅನ್ನದ ಒಲೆಯ ಬೆಂಕಿ ಹಸಿರಾಯಿತು. ಬಾಳೆಲೆಯ ಹಸಿರಲ್ಲ, ನವಿಲಿನ ಕತ್ತಿನ ಹಸಿರು. ತುದಿಯಲ್ಲಿ ನೀಲಿ ಬೇರೆ. ಹೆಂಗಸರು ಕಿರುಚಿದರು. ಗಂಡಸರು ಅಂಗಳಕ್ಕೆ ಓಡಿದರು. ಈ ನಿಶ್ಚಯ ನಿಂತ ಹಾಗೆಯೇ ಎಂದು ಯಾರೋ ಹೇಳಿದ್ದೂ ನನ್ನ ಕಿವಿಗೆ ಬಿತ್ತು. ನನಗೆ ಆ ಹುಡುಗಿ ಬೇಕಾಗಿತ್ತು. ಆದರೂ ಒಳಗಿನಿಂದ ನಗು ಉಕ್ಕಿ ಉಕ್ಕಿ ಬರುತ್ತಿತ್ತು. ಆ ಬೆಂಕಿಯಲ್ಲಿ ಕುಣಿಯುತ್ತಿರುವುದು ಯಾರು ಎಂದು ನನಗೆ ಗೊತ್ತಿತ್ತು. ತಾಮ್ರ! ಕಾಲೇಜಿನ ಲ್ಯಾಬಿನಲ್ಲಿ ಉಗುರಿನಷ್ಟು ಉರಿಯಲ್ಲಿ ಕಂಡದ್ದನ್ನು ಇಲ್ಲಿ ಸೊಂಟದೆತ್ತರಕ್ಕೆ ಕಾಣುತ್ತಿದ್ದೆ.

ಬಣ್ಣದ ಹುಚ್ಚು ನನಗೆ ಹಿಡಿದದ್ದು ಅದಕ್ಕೂ ಎಷ್ಟೋ ಮೊದಲು, ಕಾರ್ಕಳದಲ್ಲಿ, ಒಂದು ಬಾಣಲೆಯಿಂದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನೆಲದ ಕೆಲಸಕ್ಕೆ ಸೇರಿದ್ದೆ. ಆಗ ಉಡುಪಿ, ಮಣಿಪಾಲ, ಕಾರ್ಕಳದ ಮನೆಗಳಿಗೆಲ್ಲ ರೆಡ್ ಆಕ್ಸೈಡಿನ ನೆಲವೇ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಹಾಸಿ, ಕರಣೆಯಿಂದ ತೀಡಿ ತೀಡಿ, ಬಗ್ಗಿ ನೋಡಿದರೆ ಮುಖ ಕಾಣುವಷ್ಟು ನುಣುಪು ಮಾಡುವುದು. ನಮ್ಮ ಮೇಸ್ತ್ರಿ ಬಾಗಲಕೋಟೆ ಕಡೆಯವರು, ಪರ್ಕಳದಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದರು. ಒಂದು ದಿನ ಕೆಲಸದ ನಡುವೆಯೇ ಕೆಂಪು ಪುಡಿ ಮುಗಿಯಿತು. ಪೇಟೆ ಬಂದ್. ಹಾಸಿದ ಸಿಮೆಂಟು ಕಾಯುವುದಿಲ್ಲ. ಇದ್ದದ್ದು ಹಳದಿ ಆಕ್ಸೈಡಿನ ಒಂದು ಚೀಲ ಮಾತ್ರ. ಮೇಸ್ತ್ರಿ ಆ ಮನೆಯ ಯಜಮಾನಿಯಿಂದ ಒಂದು ಹಳೆಯ ಬಾಣಲೆ ಕೇಳಿ ಪಡೆದು, ಮೂರು ಕಲ್ಲಿಟ್ಟು ಬೆಂಕಿ ಮಾಡಿ, ಹಳದಿ ಪುಡಿಯನ್ನು ಉಪ್ಪಿಟ್ಟಿನ ರವೆ ಹುರಿದ ಹಾಗೆ ಹುರಿಯತೊಡಗಿದರು. ಹಳದಿ ಮೊದಲು ಕೇಸರಿಯಾಯಿತು, ಆಮೇಲೆ ಇಟ್ಟಿಗೆಯ ಬಣ್ಣ, ಆಮೇಲೆ ನೋಡುತ್ತಿದ್ದ ಹಾಗೆಯೇ ಕೆಂಪು, ಅಚ್ಚ ಕೆಂಪು!

"ಮೇಸ್ತ್ರಿ, ಇದು ಎಂತ ಮಂತ್ರ?" ಎಂದೆ.

"ಮಂತ್ರ ಎಲ್ಲೀದೋ ತಮ್ಮಾ. ನಮ್ಮಪ್ಪ ಹಿಂಗ ಹುರೀತಿದ್ದ. ಯಾಕ ಕೆಂಪ್ ಆಕ್ಕತಿ ಅಂತ ಅವಂಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿಲ್ಲ. ನೀ ಸಣ್ಣಾವ ಅದಿ, ಓದಿ ತಿಳಕೊಂಡು ನನಗ ಹೇಳು."

ಅವರು ತಮಾಷೆಗೆ ಹೇಳಿದ್ದು. ನಾನು ನಿಜವೆಂದೇ ತೆಗೆದುಕೊಂಡೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊಳೆಯುವ ಟೈಲ್ಸ್ ಬಂದವು, ಆಕ್ಸೈಡಿನ ನೆಲ ಯಾರಿಗೂ ಬೇಡವಾಯಿತು. ವಾರದಲ್ಲಿ ಮೂರು ನಾಲ್ಕು ದಿನ ಸುಮ್ಮನೆ ಕೂರುವ ಹಾಗಾದಾಗ ಹಳೆಯ ಪಠ್ಯಪುಸ್ತಕ ಹಿಡಿದೆ. ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ. ಮೀಸೆ ಪೂರ್ತಿ ಬಂದ ಮೇಲೆ, ಮೀಸೆ ಇನ್ನೂ ಚಿಗುರುತ್ತಿದ್ದ ಹುಡುಗರ ಜೊತೆ ಉಡುಪಿಯ ಒಂದು ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ಸೇರಿದೆ. ಹುಡುಗರೆಲ್ಲ ನನ್ನನ್ನು ಅಣ್ಣ ಎನ್ನುತ್ತಿದ್ದರು. ಸಂಜೆ ಕಾಪುವಿನ ಹೈವೇ ಬದಿಯ ಪೈಂಟ್ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಬಸ್ಸಿಗೆ ಮೊದಲು ಅಮ್ಮನ ಒಣಮೀನಿಗೆ ಉಪ್ಪು ಹಾಕುವ ಕೆಲಸ.

ಬಾಣಲೆಯ ಪ್ರಶ್ನೆಯನ್ನು ಕೆಮಿಸ್ಟ್ರಿ ಮೇಡಂ ಹತ್ತಿರ ಮೊದಲ ವಾರವೇ ಕೇಳಿದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಪಾಠ ಬಿಟ್ಟು ಅದನ್ನೇ ಹೇಳಿದರು. ಹಳದಿಯೂ ಕಬ್ಬಿಣವೇ, ಕೆಂಪೂ ಕಬ್ಬಿಣವೇ. ಹಳದಿಯ ಒಳಗೆ ನೀರು ಕಟ್ಟಿಕೊಂಡಿರುತ್ತದೆ. ಹುರಿದರೆ ನೀರು ಬಿಟ್ಟು ಹೋಗಿ ಕೆಂಪು ಉಳಿಯುತ್ತದೆ. ನಾನು ಅಂದೇ ಪರ್ಕಳದ ಬಸ್ಸು ಹತ್ತಿ ಮೇಸ್ತ್ರಿಯ ರೂಮಿಗೆ ಓಡಿದೆ.

"ನೀರ? ಒಣ ಪುಡ್ಯಾಗ ನೀರು ಎಲ್ಲಿಂದ ಬಂತಲೇ?" ಎಂದರು ಮೇಸ್ತ್ರಿ.

"ಒಳಗೆ ಕಟ್ಟಿಕೊಂಡಿರುವ ನೀರು, ಮೇಸ್ತ್ರಿ. ಮುಟ್ಟಿದರೆ ಒದ್ದೆ ಆಗುವುದಿಲ್ಲ."

"ಮುಟ್ಟಿದ್ರ ಒದ್ದಿ ಆಗದ ನೀರು!" ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ತಮ್ಮಾ, ನೀ ಕಾಲೇಜಿಗೆ ಹೋಗಿ ಕೆಟ್ಟಿ."

ಕೆಟ್ಟದ್ದು ನಿಜ. ಲ್ಯಾಬಿನಲ್ಲಿ ನನಗೆ ತಲೆಯೇ ನಿಲ್ಲುತ್ತಿರಲಿಲ್ಲ. ನೀಲಿ ಮೈಲುತುತ್ತವನ್ನು ಬಿಸಿ ಮಾಡಿದರೆ ಬೆಳ್ಳಗಾಗುತ್ತದೆ, ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ! ನಾವು ಹಸಿರು ನೆಲಕ್ಕೆ ಹಾಕುತ್ತಿದ್ದ ಪುಡಿ ಕ್ರೋಮಿಯಂ ಅಂತೆ. ಅದೇ ಕ್ರೋಮಿಯಂ ಪಚ್ಚೆಯಲ್ಲಿ ಕೂತರೆ ಹಸಿರು, ಮಾಣಿಕ್ಯದಲ್ಲಿ ಕೂತರೆ ಕೆಂಪು ಅಂತೆ. ಇಷ್ಟು ವರ್ಷ ಮಂಡಿಯೂರಿ ನಾನು ತೀಡಿದ್ದು ಮಾಣಿಕ್ಯದ ನೆಂಟರನ್ನು!

ಆದರೆ ಎಲ್ಲಕ್ಕಿಂತ ಚಂದದ್ದು ಜ್ವಾಲೆಯ ಪರೀಕ್ಷೆ. ತಂತಿಯ ತುದಿಗೆ ಆ್ಯಸಿಡ್ ಮುಟ್ಟಿಸಿ, ಯಾವುದಾದರೂ ಲವಣದ ಪುಡಿ ಹಿಡಿದು ಬರ್ನರಿನ ನೀಲಿ ಉರಿಗೆ ಒಡ್ಡಿದರೆ ಉರಿಯ ಬಣ್ಣವೇ ಬದಲಾಗುತ್ತದೆ. ಸ್ಟ್ರಾನ್ಷಿಯಂ ಕಡುಗೆಂಪು, ಪೊಟ್ಯಾಸಿಯಂ ತೆಳು ನೇರಳೆ, ಬೇರಿಯಂ ಸೇಬಿನ ಹಸಿರು. "ಸೇಬು ಕೆಂಪು ಅಲ್ವಾ ಮೇಡಂ?" ಎಂದು ನಾನು ಕೇಳಿದ್ದಕ್ಕೆ ಹುಡುಗರು ಬೆಂಚು ಬಡಿದು ನಕ್ಕರು. ಕಾಪುವಿನ ಹಣ್ಣಿನ ಅಂಗಡಿಗೆ ಬರುವ ಸೇಬು ಕೆಂಪೇ, ನಾನೇನು ಮಾಡಲಿ?

ಯಾಕೆ ಬಣ್ಣ ಬರುತ್ತದೆ ಎಂಬುದನ್ನು ಮೇಡಂ ಲ್ಯಾಬಿನ ಮೆಟ್ಟಿಲಿನ ಮೇಲೆ ನಿಂತೇ ಹೇಳಿದರು. "ಬಿಸಿ ಸಿಕ್ಕಿದರೆ ಎಲೆಕ್ಟ್ರಾನ್ ಹೀಗೆ ಮೇಲಿನ ಮೆಟ್ಟಿಲಿಗೆ ಹಾರ್ತದೆ. ಅಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ಕೆಳಗೆ ಬೀಳುವಾಗ, ಹಾರಲಿಕ್ಕೆ ತೆಗೆದುಕೊಂಡದ್ದನ್ನು ಬೆಳಕು ಮಾಡಿ ಬಿಟ್ಟುಕೊಡ್ತದೆ. ಒಂದೊಂದು ಮೂಲವಸ್ತುವಿನ ಮೆಟ್ಟಿಲು ಒಂದೊಂದು ಎತ್ತರ. ಅದಕ್ಕೆ ಒಂದೊಂದು ಬಣ್ಣ." ಮೇಡಂ ಸೀರೆ ಹಿಡಿದು ಮೇಲೆ ಹಾರಿ ಕೆಳಗೆ ಹಾರಿ ತೋರಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಆದರೆ ನನ್ನ ತಂತಿ ಮಾತ್ರ ಯಾವ ಲವಣ ಹಿಡಿದರೂ ಹಳದಿಯನ್ನೇ ತೋರಿಸುತ್ತಿತ್ತು. ಪಕ್ಕದ ಹುಡುಗನಿಗೆ ಕಡುಗೆಂಪು, ಅದೇ ಬಾಟಲಿಯಿಂದ ತೆಗೆದ ನನಗೆ ಹಳದಿ. ಮೇಡಂ ಬಂದು ನೋಡಿದರು. "ಬೆಳಿಗ್ಗೆ ಎಂತ ಮುಟ್ಟಿ ಬಂದಿದ್ದೀರಿ?"

"ಬಂಗುಡೆ ಮೀನು, ಮೇಡಂ."

ಲ್ಯಾಬು ಇಡೀ ಘೊಳ್ಳೆಂದಿತು. ಮೇಡಂ ಮಾತ್ರ ನಗಲಿಲ್ಲ. "ಉಪ್ಪು! ಉಪ್ಪಿನಲ್ಲಿ ಸೋಡಿಯಂ ಉಂಟಲ್ವಾ? ಒಂದು ಕಣ ಇದ್ದರೂ ಸಾಕು, ಉಳಿದವರ ಬಾಯಿ ಮುಚ್ಚಿಸಿ ತಾನೊಂದೇ ಮಾತಾಡ್ತದೆ. ಹೋಗಿ ಸಾಬೂನು ಹಾಕಿ ಕೈ ತೊಳೆಯಿರಿ." ತೊಳೆದೆ. ಮತ್ತೆ ತೊಳೆದೆ. ಉಗುರಿನ ಸಂದಿ ತಿಕ್ಕಿ ತೊಳೆದು ಬಂದು ತಾಮ್ರದ ಲವಣ ಹಿಡಿದರೆ, ಹಸಿರು! ನಾನು ನಿಂತಲ್ಲೇ ಕುಣಿದೆ. "ಅಣ್ಣ ಡ್ಯಾನ್ಸ್ ಮಾಡ್ತಿದ್ದಾರೆ!" ಎಂದು ಹುಡುಗರು ಕೂಗಿದರು. ಮಾಡಿದೆ, ಮಾಡಿದ್ದು ಹೌದು. ಆ ಸಂಜೆ ಬಸ್ಸಿನ ಕಿಟಕಿಯಿಂದ ದಾರಿದೀಪಗಳ ಹಳದಿ ನೋಡಿದಾಗ, ಅಲ್ಲಿ ಉರಿಯುತ್ತಿರುವುದೂ ಅಮ್ಮನ ಬಂಗುಡೆಯ ಮೇಲಿರುವುದೂ ಒಂದೇ ಸೋಡಿಯಂ ಎಂದು ಪಕ್ಕದಲ್ಲಿ ಕೂತ ಅಪರಿಚಿತರಿಗೆ ಹೇಳಿಬಿಟ್ಟೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದರು.

ಪಿಯುಸಿ ಮುಗಿಯುವ ವರ್ಷವೇ ಅಮ್ಮ ಎರ್ಮಾಳಿನ ಒಂದು ಸಂಬಂಧ ತಂದರು. ಅವರೂ ನಮ್ಮ ಹಾಗೆ ಕಡಲಿನವರು. ನಮ್ಮಲ್ಲಿ ಹುಡುಗಿಯ ವಿಷಯಕ್ಕೆ ಸೋದರಮಾವನ ಮಾತೇ ಮಾತು. ಅದರ ಮೇಲೆ ಒಂದು ಮಾತು ಇದ್ದರೆ ಅದು ಮನೆಯ ಅಜ್ಜಿಯದ್ದು. ಹುಡುಗಿಯ ಮಾವನಿಗೆ ದೋಣಿ ಇತ್ತು, ದೊಡ್ಡ ಮೀಸೆ ಇತ್ತು, ನನ್ನ ಮೇಲೆ ಅನುಮಾನವೂ ಇತ್ತು.

"ಈ ಪ್ರಾಯದಲ್ಲಿ ಕಾಲೇಜಿಗೆ ಹೋಗಿ ಎಂತ ಕಲಿಯುವುದು?" ಎಂದು ಕೇಳಿದರು, ಹುಡುಗಿ ನೋಡಲು ಹೋದ ದಿನ.

ಎಷ್ಟೋ ಉತ್ತರ ಕೊಡಬಹುದಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ. "ಬೆಂಕಿಗೆ ಬಣ್ಣ ಬರಿಸುವುದು, ಮಾವ."

"ಬೆಂಕಿಗೆ?"

"ಹೌದು. ಹಸಿರು, ಕೆಂಪು, ನೇರಳೆ."

ಮಾವ ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದರು. ಆಗ ಬಾಗಿಲ ಬದಿಯಲ್ಲಿ ನಿಂತಿದ್ದ ಹುಡುಗಿ ಕೇಳಿದಳು, "ಕಾಲೇಜಿನ ಹುಡುಗರು ನಿಮ್ಮನ್ನು ಎಂತ ಅಂತ ಕರೆಯುವುದು?"

"ಅಣ್ಣ ಅಂತ."

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಿಲ್ಲಿಸಲಾಗದೆ ಒಳಗೆ ಓಡಿದಳು. ಒಳಗಿನಿಂದಲೂ ನಗು ಕೇಳುತ್ತಿತ್ತು. ನಾನು ಅಲ್ಲಿಗೇ ಮುಗಿದೆ. ಮದುವೆಯಾದರೆ ಇವಳನ್ನೇ ಎಂದು ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. "ಆ ಮಾವ ಒಪ್ಪಿದರೆ ಅಲ್ವಾ? ಮಲ್ಪೆಯಿಂದ ಇನ್ನೊಂದು ಸಂಬಂಧ ಬಂದದ್ದು ಉಂಟಂತೆ, ದೋಣಿ ಇದ್ದವರದ್ದು. ಬೆಂಕಿಗೆ ಬಣ್ಣವಂತೆ! ಬಾಯಿಗೆ ಒಂದು ಬೀಗ ಹಾಕಲಿಕ್ಕೆ ಕಲಿಸುವುದಿಲ್ಲವಾ ಆ ಕಾಲೇಜಿನಲ್ಲಿ?" ಎಂದರು ಅಮ್ಮ.

ಹುಡುಗಿಯ ಅಜ್ಜಿಯ ಒತ್ತಾಯಕ್ಕೆ ಮಾವ ಹೇಗೋ ಒಪ್ಪಿದರು. ಮೇ ತಿಂಗಳ ಕೊನೆಯಲ್ಲಿ ನಿಶ್ಚಯಕ್ಕೆ ದಿನ ಇಟ್ಟರು. ಹಿಂದಿನ ಸಂಜೆ ಒಂದು ಮಳೆ ಹೇಳದೆ ಕೇಳದೆ ಬಂದು, ಊಟದ ಅಡುಗೆಗೆಂದು ಅವರ ಅಂಗಳದಲ್ಲಿ ಒಟ್ಟಿದ್ದ ಸೌದೆಯನ್ನೆಲ್ಲ ನೆನೆಸಿ ಹೋಯಿತು. ಕೊಟ್ಟಿಗೆಯಲ್ಲಿ ಮಾವನ ಹಳೆಯ ದೋಣಿ ಒಡೆದು ಇಟ್ಟ ಹಲಗೆಗಳಿದ್ದವು, ಗರಿಗರಿಯಾಗಿ ಒಣಗಿದ್ದವು. ಮಾವನೇ ಬೆಳಿಗ್ಗೆ ಕೊಡಲಿ ಹಿಡಿದು ಸೀಳಿ ಅನ್ನದ ಒಲೆಯ ಹತ್ತಿರ ರಾಶಿ ಹಾಕಿದರಂತೆ. ನಮಗೆ ಇದೆಲ್ಲ ಗೊತ್ತಾದದ್ದು ಆಮೇಲೆ.

ನಮ್ಮ ಕಡೆಯಿಂದ ಅಮ್ಮ, ಕೆಲವು ನೆಂಟರು, ಮತ್ತೆ ನಮ್ಮ ಮೇಸ್ತ್ರಿ. ಅವರಿಗೆ ತುಳು ಬರುವುದಿಲ್ಲ ಎಂಬ ಮರ್ಯಾದೆಗೆ ಅವತ್ತು ಆ ತುಳು ಮನೆಯಲ್ಲಿ ಎಲ್ಲರೂ ಕನ್ನಡವನ್ನೇ ಮಾತಾಡಿದರು. ಜಗಳವೂ ಕನ್ನಡದಲ್ಲೇ ಆಯಿತು.

ಹುಡುಗಿಯ ಚಿಕ್ಕಮ್ಮ ಸೌಟು ಬಿಸಾಡಿ ಜಗಲಿಗೆ ಓಡಿ ಬಂದರು. "ಬೆಂಕಿ ನೋಡಿ! ಹಸಿರು! ಅನ್ನದ ಅಡಿಯಲ್ಲಿ ಹಸಿರು ಬೆಂಕಿ!"

ಎಲ್ಲರೂ ಅಂಗಳಕ್ಕೆ ಓಡಿದೆವು. ಅಜ್ಜಿ ಸೀದಾ ಒಳಗೆ ಹೋಗಿ ಮುಷ್ಟಿ ತುಂಬ ಉಪ್ಪು, ಒಣಮೆಣಸು ತಂದು ಹುಡುಗಿಗೆ ಸುಳಿದು, ನನಗೆ ಸುಳಿದು, ಅನ್ನದ ಪಾತ್ರೆಗೂ ಸುಳಿದು ದೃಷ್ಟಿ ತೆಗೆದು ಒಲೆಗೆ ಹಾಕಿದರು. ಚಟಚಟ ಎಂದು ಉಪ್ಪು ಸಿಡಿಯಿತು. ಬೆಂಕಿ ಭಗ್ಗನೆ ಹಳದಿಯಾಯಿತು. "ಹೋಯಿತು, ಹೋಯಿತು" ಎಂದು ಹೆಂಗಸರು ಉಸಿರು ಬಿಟ್ಟರು. ಬಿಟ್ಟ ಉಸಿರು ಒಳಗೆ ಹೋಗುವ ಮೊದಲೇ ಮೆಣಸಿನ ಘಾಟು ಏರಿ ಎಲ್ಲರೂ ಕೆಮ್ಮತೊಡಗಿದರು. ಕೆಮ್ಮುತ್ತಾ ಕೆಮ್ಮುತ್ತಾ ಕಣ್ಣು ಒರೆಸಿ ನೋಡಿದರೆ ಬೆಂಕಿ ಮೊದಲಿಗಿಂತ ಹೆಚ್ಚು ಹಸಿರು! ನೀಲಿಯೂ ಜಾಸ್ತಿ!

ನಾನು ಚಪ್ಪಾಳೆ ತಟ್ಟುವುದನ್ನು ಕಷ್ಟಪಟ್ಟು ತಡೆದುಕೊಂಡೆ. ಲ್ಯಾಬಿನಲ್ಲಿ ಮೇಡಂ ತಂತಿಗೆ ಆ್ಯಸಿಡ್ ಮುಟ್ಟಿಸುತ್ತಿದ್ದದ್ದು ಇದಕ್ಕೇ. ಅದರಲ್ಲಿ ಕ್ಲೋರಿನ್ ಇರುತ್ತದೆ, ಅದರ ಜೊತೆ ಸಿಕ್ಕಿದರೆ ತಾಮ್ರ ಸುಲಭವಾಗಿ ಆವಿಯಾಗಿ ಉರಿಯೊಳಗೆ ಹಾರುತ್ತದೆ. ಅಜ್ಜಿಯ ಉಪ್ಪಿನಲ್ಲಿ ಸೋಡಿಯಂ ಇತ್ತು, ಅದು ಬೇಗ ಕೂಗಿ ಸುಮ್ಮನಾಯಿತು. ಕ್ಲೋರಿನ್ನೂ ಇತ್ತು, ಅದು ತಾಮ್ರದ ಕೈ ಹಿಡಿಯಿತು. ದೃಷ್ಟಿ ತೆಗೆಯಲು ಹಾಕಿದ್ದೇ ಬಣ್ಣಕ್ಕೆ ಮೇವಾಯಿತು.

ಮಾವ ಅದನ್ನು ನೋಡಿದ್ದೇ ಬೇರೆ ಥರ. "ಉಪ್ಪಿಗೂ ಹೆದರದ್ದು ದೃಷ್ಟಿ ಅಲ್ಲ. ಇದು ಮಾಟ." ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅದುವರೆಗೆ ನೀವು ಎನ್ನುತ್ತಿದ್ದವರು ಏಕವಚನಕ್ಕೆ ಇಳಿದರು. "ನೀನೇ ಅಲ್ವಾ ಅವತ್ತು ಹೇಳಿದ್ದು, ಬೆಂಕಿಗೆ ಹಸಿರು ಬರಿಸುವುದು ಕಲಿಯುತ್ತೇನೆ ಅಂತ?"

"ಹೌದು ಮಾವ. ಆದರೆ ಇದು ನಾನಲ್ಲ. ಇದು ನಿಮ್ಮ ದೋಣಿ."

"ಎಂತ ಹೇಳಿದೆ?"

ಅಮ್ಮ ಹಣೆ ಬಡಿದುಕೊಂಡದ್ದು ಕೇಳಿಸಿತು.

"ನಾಡಿದ್ದು ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವಾ. ಅದರಲ್ಲಿ ಎಂತ ಬರ್ತದೆ ನೋಡಿ ಮತ್ತೆ ನಿಶ್ಚಯದ ಮಾತು," ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. ವೀಳ್ಯದ ತನಕ ಬಂದು ನಿಂತ ನಿಶ್ಚಯ ಮತ್ತೆ ಎದ್ದು ನಡೆದದ್ದನ್ನು ನಮ್ಮ ಕಡಲ ಬದಿಯಲ್ಲಿ ಯಾರೂ ನೋಡಿಲ್ಲ. ಮಲ್ಪೆಯ ದೋಣಿಯವರ ಸಂಬಂಧ ಬೇರೆ ಕಾಯುತ್ತಿತ್ತು. ಹುಡುಗಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವತ್ತು ನಗುತ್ತಿರಲಿಲ್ಲ.

ನಾನು ಹೊಸ ಬಿಳಿ ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಮದುಮಗ ಒಲೆಯ ಹತ್ತಿರ ಹೋಗಬಾರದು ಎಂದು ಯಾರೋ ಕೂಗಿದರು. ಒಂದು ಹಲಗೆ ತಿರುಗಿಸಿ ನೋಡಿದೆ. ಒಂದು ಮುಖ ಬರಿಯ ಮರ, ಇನ್ನೊಂದು ಮುಖ ದಪ್ಪ ಕೆಂಪು ಹಕ್ಕಳೆ. ಕತ್ತಿ ಕೇಳಿ ತೆಗೆದುಕೊಂಡು ಒಳಮೈಯ ಮರದ ಚಕ್ಕೆ ಸೀಳಿ ಸಾರಿನ ಸಣ್ಣ ಒಲೆಗೆ ಹಾಕಿದೆ. ಹಳದಿ. ಹಕ್ಕಳೆಯನ್ನು ಕೆರೆದು ತೆಂಗಿನ ಗೆರಟೆಯಲ್ಲಿ ಹಾಕಿ ಅದೇ ಒಲೆಗೆ ಇಟ್ಟೆ. ಗೆರಟೆ ಹತ್ತಿಕೊಳ್ಳುತ್ತಿದ್ದ ಹಾಗೆ ಹಸಿರು ನಾಲಿಗೆ ಹೊರಗೆ ಚಾಚಿತು.

"ನೋಡಿ ಮಾವ! ದೋಣಿಯ ಅಡಿಗೆ ಚಿಪ್ಪು ಹಿಡಿಯಬಾರದು ಅಂತ ಕೆಂಪು ಪೈಂಟ್ ಹಚ್ಚುವುದಲ್ವಾ? ಅದರಲ್ಲಿ ತಾಮ್ರ ಉಂಟು. ನಮ್ಮ ಅಂಗಡಿಯ ಡಬ್ಬಿಯಲ್ಲಿ ಬರೆದದ್ದೇ ಉಂಟು. ತಾಮ್ರ ಉರಿದರೆ ಹಸಿರು!"

"ನನಗೆ ಪೈಂಟ್ ಕಲಿಸಬೇಡ. ಮೀಸೆ ಬರುವ ಮೊದಲಿಂದ ಹಚ್ಚುವವ ನಾನು. ಪೈಂಟ್ ಕೆಂಪು. ಕೆಂಪು ಉರಿದರೆ ಹಸಿರು ಬರುವುದುಂಟಾ?"

ಎಷ್ಟು ಒಳ್ಳೆಯ ಪ್ರಶ್ನೆ! ನಾನು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಮಾವ ಒಳಗೆ ಹೋದರು. ನಿಶ್ಚಯಕ್ಕೆಂದು ಹೊಸದಾಗಿ ಜಗಲಿಗೆ ರೆಡ್ ಆಕ್ಸೈಡ್ ಹಾಕಿಸಿದ್ದರು. ಉಳಿದ ಪುಡಿಯ ಪೊಟ್ಟಣ ತಂದರು. "ಇದೂ ಕೆಂಪು. ಇದರಲ್ಲಿ ಹಸಿರು ಬರಿಸು ನೋಡುವಾ," ಎಂದು ಮುಷ್ಟಿ ತುಂಬ ತೆಗೆದು ಒಲೆಗೆ ಬೀಸಿದರು. ಕಡಲಿನ ಗಾಳಿ ಅದರಲ್ಲಿ ಅರ್ಧವನ್ನು ನನ್ನ ಅಂಗಿಗೇ ತಂದು ಕೊಟ್ಟಿತು. ಉಳಿದದ್ದು ಬೆಂಕಿಗೆ ಬಿತ್ತು. ಬೆಂಕಿ ಮುಖ ಸಿಂಡರಿಸಿ ಸ್ವಲ್ಪ ಮಂಕಾಯಿತು, ಅಷ್ಟೇ.

"ಎಲ್ಲಿ ಹಸಿರು?" ಎಂದರು ಮಾವ. ಅವರ ಕಡೆಯ ಗಂಡಸರು ಓ ಎಂದರು.

"ಬರುವುದಿಲ್ಲ ಮಾವ! ಬರಲೇಬಾರದು!" ನಾನು ಸಂತೋಷದಿಂದ ಎದ್ದೇ ನಿಂತೆ. ಅವರು ಮಾಡಿದ್ದು ಮೇಡಂ ಮೆಚ್ಚುವಂಥ ಪರೀಕ್ಷೆ. "ಇದು ಕಬ್ಬಿಣದ ಕೆಂಪು, ಅದು ತಾಮ್ರದ ಕೆಂಪು. ಹಗಲಿನ ಬೆಳಕಿನಲ್ಲಿ ಎರಡೂ ಉಳಿದ ಬಣ್ಣ ನುಂಗಿ ಕೆಂಪನ್ನು ಮಾತ್ರ ನಮ್ಮ ಕಣ್ಣಿಗೆ ಕೊಡುವುದು. ಅದಕ್ಕೆ ಎರಡೂ ಒಂದೇ ಹಾಗೆ ಕಾಣ್ತವೆ. ಬೆಂಕಿಗೆ ಬಿದ್ದರೆ ಹಾಗಲ್ಲ. ಅಲ್ಲಿ ತಾಮ್ರ ತಾನೇ ಬೆಳಕು ಬಿಡುವುದು, ಅದರ ಸ್ವಂತ ಬಣ್ಣ ಆಗ ಗೊತ್ತಾಗುವುದು."

ಮೇಸ್ತ್ರಿ ಕಣ್ಣೀರು ಒರೆಸುತ್ತಾ ಮುಂದೆ ಬಂದರು. ಮೆಣಸಿನ ಕೆಮ್ಮು ಅವರನ್ನು ಇನ್ನೂ ಬಿಟ್ಟಿರಲಿಲ್ಲ. "ಯಜಮಾನ್ರ, ಈ ಹುಡುಗ ಸುಳ್ಳ ಹೇಳಾವಲ್ಲ. ತಲಿ ತಿಂತಾನ, ಖರೆ. ಆದ್ರ ಸುಳ್ಳ ಹೇಳೂದಿಲ್ಲ. ಹಳದಿ ಪುಡಿ ಹುರಿದ್ರ ಕೆಂಪ್ ಆಕ್ಕತಿ, ನಾನ ಹುರದೀನಿ. ಅದಕ್ಕೇನ ನಾ ಮಾಟಗಾರ ಆದ್ನ್ಯಾ?"

"ಹೊರಗೆ ಒಂದು ಬಣ್ಣ, ಬೆಂಕಿಗೆ ಹಾಕಿದರೆ ಇನ್ನೊಂದು ಬಣ್ಣ," ಎಂದರು ಮಾವ. "ಇದು ಮಾಟ ಅಲ್ಲದಿದ್ದರೆ ಮತ್ತೆ ಎಂತ?"

ಆಗ ಅಜ್ಜಿ ಅನ್ನದ ಪಾತ್ರೆಯ ಹಿಂದಿನಿಂದ ಕೇಳಿದರು, "ಏ, ನಿನ್ನೆ ಏಡಿ ತಂದದ್ದು ಯಾರು?"

"ನಾನು. ಈಗ ಏಡಿ ಎಂತಕ್ಕೆ?" ಎಂದರು ಮಾವ.

"ತರುವಾಗ ಯಾವ ಬಣ್ಣ ಇತ್ತು?"

"ಏಡಿಗೆ ಇನ್ನೆಂತ ಬಣ್ಣ? ಹಸಿರು, ಕಪ್ಪು."

"ಬೇಯಿಸಿದ ಮೇಲೆ?"

ಮಾವ ಮೀಸೆ ಸವರಿಕೊಂಡರು.

"ಕೆಂಪು ಅಲ್ವಾ? ಬಟ್ಟಲು ತುಂಬ ತಿಂದೆಯಲ್ಲ. ಮಾಟದ ಏಡಿ ಅಂತ ಒಂದು ಕಾಲನ್ನಾದರೂ ಬಿಟ್ಟೆಯಾ?"

ಅಂಗಳ ಬಿದ್ದು ಬಿದ್ದು ನಕ್ಕಿತು. ಏಡಿಯ ಕೆಂಪಿಗೂ ತಾಮ್ರದ ಹಸಿರಿಗೂ ಸಂಬಂಧವಿಲ್ಲ, ಅದು ಬೇರೆಯೇ ಲೆಕ್ಕ ಎಂದು ತಿಳಿಸಲು ನಾನು ಬಾಯಿ ತೆರೆದೆ. ಅಮ್ಮ ನನ್ನ ತೋಳು ಚಿವುಟಿದ ರಭಸಕ್ಕೆ ಬಾಯಿ ತಾನಾಗಿಯೇ ಮುಚ್ಚಿತು.

"ಮತ್ತೊಂದು," ಅಜ್ಜಿ ಬಿಡಲಿಲ್ಲ. "ದೃಷ್ಟಿ ಇದ್ದರೆ, ಮಾಟ ಇದ್ದರೆ, ಮೆಣಸು ಸುಟ್ಟಾಗ ಘಾಟೇ ಬರುವುದಿಲ್ಲ. ಇವತ್ತು ಕೆಮ್ಮದವರು ಯಾರಿದ್ದಾರೆ? ಆ ಘಟ್ಟದ ಮೇಲಿನವರು ನೋಡು, ಪಾಪ, ಜೀವ ಹೋಗುವ ಹಾಗೆ ಕೆಮ್ಮುತ್ತಿದ್ದಾರೆ."

ಮೇಸ್ತ್ರಿ ಅದಕ್ಕೆ ಸಾಕ್ಷಿಯಾಗಿ ಇನ್ನೊಮ್ಮೆ ಕೆಮ್ಮಿದರು.

ಹೆದರಿಕೆ ಹೋದದ್ದು ಹೇಗೆಂದು ನನಗೆ ಸರಿಯಾಗಿ ಗೊತ್ತಿಲ್ಲ. ನಗು ಬಂದ ಮೇಲೆ ಅದಕ್ಕೆ ನಿಲ್ಲಲು ಜಾಗ ಇರಲಿಲ್ಲ ಅನಿಸುತ್ತದೆ. ಚಿಕ್ಕಮ್ಮ ಹೋಗಿ ವೀಳ್ಯದ ಸುಣ್ಣದ ಡಬ್ಬಿ ತಂದರು, ಇದಕ್ಕೆ ಎಂತ ಬಣ್ಣ ಬರ್ತದೆ ಅಂತ. ಇಟ್ಟಿಗೆಗೆಂಪು ಬರಬೇಕು ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಬರಲಿಲ್ಲ. ಆ ಮನೆಯಲ್ಲಿ ಉಪ್ಪಿಲ್ಲದ ವಸ್ತು ಯಾವುದಿದೆ? ಹಳದಿಯೇ ಎದ್ದಿತು. "ಫೇಲ್! ಫೇಲ್!" ಎಂದು ಹೆಂಗಸರು ಕೈ ತಟ್ಟಿದರು. ಯಾರೋ ಪಟಿಕದ ಚೂರು ಹಾಕಿದರು. ಯಾರೋ ಕೆಟ್ಟ ರೇಡಿಯೋದ ತಂತಿ ಸುರುಳಿ ತಂದು ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಯಾರ ಮುಖವನ್ನೂ ನೋಡದೆ ಬೆಂಕಿಗೆ ಎಸೆದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಂತಿಯ ಸುತ್ತ ಹಸಿರು ಕುಚ್ಚು ಕಟ್ಟಿದ ಹಾಗೆ ಉರಿ ಎದ್ದಿತು. ಮಾವ ಮೊಣಕಾಲಿಗೆ ಕೈಯೂರಿ ಬಗ್ಗಿ ನೋಡಿದರು. ಅವರ ಮೀಸೆಯ ಮೇಲೂ ಹಸಿರು ಬೆಳಕು ಬಿದ್ದಿತ್ತು.

"ಮಾಟವೇ ಆಗಿರಲಿ," ಎಂದರು ಕೊನೆಗೆ. "ಚಂದ ಉಂಟು ಮಾರಾಯ."

ಇವತ್ತು ಯಾರಾದರೂ ಪೈಂಟ್ ಹಚ್ಚಿದ ಹಲಗೆಯನ್ನು, ತಂತಿಯನ್ನು ಒಲೆಗೆ ಹಾಕಿದರೆ ನಾನೇ ಬೈಯುತ್ತೇನೆ, ಆ ಹೊಗೆ ಒಳ್ಳೆಯದಲ್ಲ. ಅವತ್ತು ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಅಜ್ಜಿಯ ಕೂಗು ಕೇಳಿತು, "ಬೆಂಕಿ ನೋಡ್ತಾ ಕೂತರೆ ಗಳಿಗೆ ನಿಲ್ತದಾ? ದಾಟಲಿಕ್ಕೆ ಆಯಿತು!"

ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಜಗಲಿಗೆ ಓಡಿದರು. ಮಾವ ಮಸಿಯ ಕೈಯಲ್ಲೇ ವೀಳ್ಯದ ಹರಿವಾಣ ಎತ್ತಿದರು. ಎತ್ತಿದವರು ಒಂದು ಕ್ಷಣ ನಿಂತರು. ಅವರು ಬಾಗಿಲ ಕಡೆ ನೋಡಿ ಸೊಸೆಯನ್ನು ಕೇಳಿದರು, "ನಿನಗೆ ಎಂತ ಅನಿಸ್ತದೆ? ಇವನಿಗೆ ಕೊಡುವುದಾ, ಪ್ರಶ್ನೆ ಇಡಿಸುವುದಾ?"

ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಪ್ರಶ್ನೆ ಇಡಿಸಿದರೆ ಇನ್ನೊಮ್ಮೆ ಸೌದೆ ಒಟ್ಟಬೇಕು, ಇನ್ನೊಮ್ಮೆ ಅಡುಗೆ ಮಾಡಬೇಕು," ಎಂದಳು ಅವಳು. "ನಿಮಗೆ ಒಡೆಯಲಿಕ್ಕೆ ಇನ್ನೊಂದು ಹಳೆಯ ದೋಣಿ ಉಂಟಾ ಮಾವ?"

ಮಾವ ಹರಿವಾಣವನ್ನು ಅಮ್ಮನ ಮುಂದೆ ಚಾಚಿದರು. ವೀಳ್ಯ ಬದಲಾಯಿತು. ಎಲೆಗಳ ಮೇಲೆ ಮಾವನ ಬೆರಳಿನ ಮಸಿ ಅಚ್ಚು ಒತ್ತಿದ ಹಾಗೆ ಕೂತಿತ್ತು. ಮೇಸ್ತ್ರಿ, ಬಾಗಲಕೋಟೆಯಲ್ಲಿ ಹೀಗೆಯೇ ಮಾಡುವುದೇನೋ ಎಂಬ ಹಾಗೆ, ಗಟ್ಟಿಯಾಗಿ ಸೀಟಿ ಹೊಡೆದರು.

ಊಟಕ್ಕೆ ಎಲೆ ಹಾಕುವಾಗ ಅನ್ನ ತಳ ಹಿಡಿದಿದೆ ಎಂಬ ಸುದ್ದಿ ಬಂತು. ಬೆಂಕಿಯ ಸಡಗರದಲ್ಲಿ ಅನ್ನ ನೋಡಿದವರೇ ಇಲ್ಲ. ಹುಡುಗಿ ನೀರಿನ ತಂಬಿಗೆ ಹಿಡಿದು ಬಂದವಳು ನನ್ನ ಮುಂದೆ ನಿಂತು ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಎದೆಯಿಂದ ಹೊಟ್ಟೆಯ ತನಕ ಕೆಂಪು ಪುಡಿ.

"ಇದು ತೊಳೆದರೆ ಹೋಗ್ತದಾ?"

"ಇಲ್ಲ. ಕಬ್ಬಿಣದ್ದು. ಸಾಬೂನಿಗೆ ಕರಗುವುದಿಲ್ಲ. ಅದರ ಕಣ ಎಷ್ಟು ಸಣ್ಣದೆಂದರೆ ನೂಲಿನ ಒಳಗೆ..."

"ನಾನು ಪಾಠ ಕೇಳಲಿಲ್ಲ," ಎಂದಳು. "ಮದುವೆಗೆ ಎಂತ ಹಾಕ್ತೀರಿ ಅಂತ ಕೇಳಿದ್ದು. ನಾನು ಟೈಲರಿಂಗ್ ಕಲಿತದ್ದು ಉಂಟು. ಬಿಳಿ ಬಟ್ಟೆ ಮಾತ್ರ ತರಬೇಡಿ."

ಮದುವೆಗೆ ಎಂದು ಅವಳು ಎಲ್ಲರ ಎದುರು ಹೇಳಿದ್ದೇ ತಡ, ಎರಡೂ ಸಾಲಿನ ಎಲೆಗಳ ಮುಂದೆ ಕೂತವರು ಹೋ ಎಂದು ಕೂಗಿದರು. ನಾನು ಅಲ್ಲೇ ಎದ್ದು ನಿಂತು ಎರಡೂ ಕೈ ಚಾಚಿದೆ, ಅಳತೆ ಕೊಡಲು.

"ಕೂತುಕೋ ಮಾರಾಯ," ಎಂದು ಮಾವ ನನ್ನ ಪಂಚೆ ಹಿಡಿದು ಕೆಳಗೆ ಎಳೆದರು. "ಸುಟ್ಟ ಅನ್ನ ತಣ್ಣಗಾದರೆ ಅದೂ ಗಂಟಲಲ್ಲಿ ಇಳಿಯುವುದಿಲ್ಲ."